ಅರ್ಧ ಹೊಲಿದಿಟ್ಟ ಕೌದಿ

ಈ ಸೆಖೆಯ ಊರಲ್ಲಿ ನಿಮಗೆ ಕೌದಿ ಎಂತಕ್ಕೆ ಹೇಳಿ ಘಟ್ಟದ ಮೇಲಿನ ನೆಂಟರು ಕೇಳೂದುಂಟು. ಕೇಳೂದು ಸುಳ್ಳಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಮೂರರಲ್ಲಿ ಎಲ್ಲಿಗೆ ಹೋದರೂ ವರ್ಷದ ಮುಕ್ಕಾಲು ಪಾಲು ಬೆವರು ಒರೆಸಿಕೊಳ್ಳೂದೇ ಆಯ್ತು. ಮಧ್ಯಾಹ್ನ ಊಟ ಆದದ್ದೇ ಜಗಲಿಯ ತಂಪು ನೆಲಕ್ಕೆ ಬೆನ್ನು ತಾಗಿಸಿ ಮಲಗುವವರು ನಾವು. ಹಾಗಿದ್ದೂ ಹಳೇ ಮನೆಗಳಲ್ಲಿ ಹಾಸಿಗೆ ಸುರುಳಿ ಬಿಚ್ಚಿದರೆ ಒಳಗಿಂದ ಒಂದೋ ಎರಡೋ ಕೌದಿ ಬಂದೇ ಬರ್ತದೆ.

ಕಾರಣ ಮಳೆಗಾಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆರಿದ್ರಾ ಮಳೆ ಹಿಡಿದು ಕೂತಾಗ ನೆಲ ಬೆವರ್ತದೆ, ಗೋಡೆ ಬೆವರ್ತದೆ, ಒಗೆದ ಬಟ್ಟೆ ಮೂರು ದಿನ ಆದರೂ ಹಸಿ ವಾಸನೆ. ಆಗಿನ ಚಳಿ ಗಟ್ಟಿ ಚಳಿಯಲ್ಲ, ಒಂದು ನಮೂನೆ ತಣಸು. ಉಣ್ಣೆ ಕಂಬಳಿ ಹೊದ್ದರೆ ಚುಚ್ಚಿ ಸೆಖೆ ಆಗ್ತದೆ, ಬಿಟ್ಟರೆ ಬೆಳಗಿನ ಜಾವಕ್ಕೆ ಕಾಲು ಮರಗಟ್ತದೆ. ಭಟ್ಕಳದಲ್ಲಿ ನಾವು ಬಾಡಿಗೆಗೆ ಇದ್ದಾಗ ಪಕ್ಕದ ನವಾಯತರ ಮನೆಯಲ್ಲಿ ಗಲ್ಫಿನಿಂದ ಬಂದ ಗುಲಾಬಿ ಹೂವಿನ ದಪ್ಪ ಬ್ಲಾಂಕೆಟ್ ನಾಲ್ಕೈದು ಇದ್ದವು, ಚೀಲದ ಸಮೇತ ಕಪಾಟಿನ ಮೇಲೆ. ಆ ಮನೆಯ ಅಜ್ಜಿ ಮಾತ್ರ ಹೊದೆಯೂದು ತನ್ನದೇ ಹಳೇ ಬಟ್ಟೆಯ ಕೌದಿ. ಬ್ಲಾಂಕೆಟ್ ನೆಂಟರಿಗೆ ಅಂತೆ. ಬೆವರು ಕುಡಿಯಬೇಕು, ಮೈಗೆ ಅಂಟಬಾರದು, ಒಗೆಯಲಿಕ್ಕೆ ಬರಬೇಕು. ನಮ್ಮ ಹವೆಗೆ ಬೇಕಾದ್ದು ಇಷ್ಟು. ಸವೆದ ಹತ್ತಿ ಬಟ್ಟೆಗೆ ಈ ಮೂರೂ ಗುಣ ಉಂಟು.

ಬಾಳಂತಿ ಇರುವ ಮನೆಗಂತೂ ಕೇಳೂದೇ ಬೇಡ. ಶಿಶುವಿಗೆ ನಾಲ್ಕೈದಾದರೂ ಸಣ್ಣ ಕೌದಿ ಬೇಕು. ಒಂದು ಒದ್ದೆ ಆಗಿರ್ತದೆ, ಒಂದು ಬಳ್ಳಿ ಮೇಲೆ ಇರ್ತದೆ, ಒಂದು ತೊಟ್ಟಿಲಲ್ಲಿ, ಒಂದು ಎಣ್ಣೆ ಹಚ್ಚುವಾಗ ಕಾಲ ಮೇಲೆ ಹಾಸಲಿಕ್ಕೆ. ಅಂಗಡಿಯಲ್ಲಿ ಸಿಗುವ ಕರಡಿ ಚಿತ್ರದ ಹಾಸಿಗೆ ನೋಡಲಿಕ್ಕೆ ಚಂದ. ಮೂತ್ರ ಒಳಗೆ ಇಳಿದ ಮೇಲೆ ಮಳೆಗಾಲದಲ್ಲಿ ಅದನ್ನು ಒಣಗಿಸಿದವರಿಗೇ ಗೊತ್ತು ಅದರ ಸುಖ.

ಕೌದಿಗೆ ಮೊದಲು ಬೇಕಾದ್ದು ಸೀರೆ. ನಮ್ಮ ಅತ್ತೆ ಹೊಸ ಬಟ್ಟೆ ಒಳಗೆ ಸೇರಿಸಲಿಕ್ಕೆ ಬಿಡ್ತಿರಲಿಲ್ಲ. "ಹೊಸ ಬಟ್ಟೆ ಹಾಕಲಾಗ ತಂಗಿ, ಅದಕ್ಕೆ ಮೈ ಪರಿಚಯ ಇಲ್ಲೆ" ಹೇಳ್ತಿದ್ರು. ಮಾತು ತಮಾಷೆಯದ್ದು, ಲೆಕ್ಕ ಸರಿಯಾದ್ದು. ಹೊಸ ಬಟ್ಟೆಯಲ್ಲಿ ಗಂಜಿ ಇರ್ತದೆ, ಮೊದಲ ಒಗೆತಕ್ಕೆ ಅದು ಕುಗ್ತದೆ. ಹಳೇದು ಕುಗ್ಗುವಷ್ಟು ಕುಗ್ಗಿ ಆಗಿರ್ತದೆ. ಎರಡನ್ನೂ ಒಟ್ಟಿಗೆ ಹೊಲಿದರೆ ಒಂದು ಪದರ ಎಳೆದು ಇನ್ನೊಂದು ಪದರ ನೆರಿಗೆ ಬೀಳ್ತದೆ.

ಲೆಕ್ಕಕ್ಕೂ ಸೀರೆಯೇ ಅಳತೆಗೋಲು. ಹನ್ನೆರಡು ಮೊಳದ ಸೀರೆಯನ್ನು ಮೂರು ಮಡಿಕೆ ಮಾಡಿದರೆ ನಾಲ್ಕು ಮೊಳ ಉದ್ದ, ಎರಡೂವರೆ ಮೊಳ ಅಗಲ. ಅಂದರೆ 6 ಅಡಿ ಉದ್ದ, 45 ಇಂಚು ಅಗಲ. ಒಬ್ಬರು ಹೊದೆಯುವ ಕೌದಿಗೆ ಅಷ್ಟೇ ಸಾಕು, ಕತ್ತರಿ ಹಾಕುವ ಕೆಲಸವೇ ಇಲ್ಲ. ಎರಡು ಸೀರೆ ಮಡಚಿ ಒಂದರ ಮೇಲೊಂದು ಇಟ್ಟರೆ ಆರು ಪದರ. ಅಜ್ಜಿಯರ ಕಾಲದ ಹದಿನೆಂಟು ಮೊಳದ ಸೀರೆ ಆದರೆ ಒಂದೇ ಸೀರೆಗೆ ನಾಲ್ಕೂವರೆ ಪದರ. ಉಳಿದ ಅರ್ಧ ಪದರವನ್ನು ಹರಿದು ಅಂಚಿಗೆ ಪಟ್ಟಿ ಮಾಡೂದು. ಈಗ ಅಂಥ ಸೀರೆ ಯಾರ ಪೆಟ್ಟಿಗೆಯಲ್ಲಿ ಸಿಕ್ಕಿದರೂ ಭಾಗ್ಯವೇ.

ಹತ್ತಿ ಹೇಳಿದಾಗ ಒಂದು ಮಾತು ನೆನಪಾಗ್ತದೆ. ಹೋದ ಶತಮಾನದ ಹಿಂದಿನ ಶತಮಾನದಲ್ಲಿ 'ಕುಮಟಾ ಹತ್ತಿ' ಹೇಳಿದರೆ ಮುಂಬಯಿ, ಲಿವರ್‌ಪೂಲ್ ಪೇಟೆಯವರಿಗೆಲ್ಲ ಗೊತ್ತಿತ್ತು. ಕುಮಟೆಯಲ್ಲಿ ಹತ್ತಿ ಬೆಳೀತಿತ್ತು ಹೇಳಿ ಅಲ್ಲ. ಬೆಳೆದದ್ದು ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ. ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು, ಹಾಗಾಗಿ ಬಂದರಿನ ಹೆಸರೇ ಹತ್ತಿಗೂ ಬಂತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗೂದು ನಿಂತಾಗ ನಮ್ಮ ಬಂದರಿಗೆ ಸುಗ್ಗಿ. ಆಮೇಲೆ ರೈಲು ಬೇರೆ ದಾರಿ ಹಿಡೀತು, ಹತ್ತಿಯೂ ಅದರ ಹಿಂದೆ ಹೋಯ್ತು. ಅಷ್ಟು ಹತ್ತಿ ಕಣ್ಣ ಮುಂದೆ ಹಾದು ಹೋದರೂ ನಮ್ಮ ಬದಿ ಅಜ್ಜಿಯರ ಕೌದಿಯೊಳಗೆ ಅರಳೆ ಇಲ್ಲ. ಹತ್ತಿ ಅವರ ಕೈಗೆ ಬಂದದ್ದು ಸೀರೆಯಾಗಿ, ಉಟ್ಟು ಸವೆದ ಮೇಲೆ.

ಈಗಿನ ಕಷ್ಟವೂ ಅಲ್ಲೇ ಶುರು. ಮನೆಯಲ್ಲಿ ಉಡುವವರು ಎಷ್ಟು ಜನ ಹೇಳಿ ಎಣಿಸಿ ನೋಡಿ. ಅಡಿಗೆ ಮನೆಗೆ ನೈಟಿ, ಪೇಟೆಗೆ ಚೂಡಿದಾರ, ಮದುವೆಗೆ ರೇಷ್ಮೆ, ದಿನಕ್ಕೆ ಉಡೂದು ಇದ್ದರೆ ಅದು ಪಾಲಿಯೆಸ್ಟರ್. ಮೈಯ ಮೇಲೆ ಸವೆದು ಮೆತ್ತಗಾಗುವ ಸೀರೆಯೇ ಇಲ್ಲ. ಪಾಲಿಯೆಸ್ಟರ್ ಸೀರೆ ಹರಿಯೂದಿಲ್ಲ ನಿಜ, ಹಾಗೇ ಬೆವರನ್ನು ಕುಡಿಯೂದೂ ಇಲ್ಲ. ಪದರ ಪದರದ ಮೇಲೆ ಜಾರ್ತದೆ, ಸೂಜಿ ಚುಚ್ಚಿದಲ್ಲೆಲ್ಲ ಎಳೆ ಏಳ್ತದೆ. ಸಂಶಯ ಬಂದರೆ ಸೆರಗಿನ ತುದಿಯಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಪುಡಿಯಾಗಿ ಉದುರ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗ್ತದೆ.

ಹಾಗಾಗಿ ಈಗ ಸೀರೆ ಕೇಳೂದು ಮನೆ ಮನೆಗೆ ತಿರುಗುವ ಕೆಲಸ. ಕೆಳಗಿನ ಮನೆ ನಾಯ್ಕರ ಹೆಂಗಸಿಗೆ ಮಗಳ ಬಾಳಂತನ ಹತ್ತಿರ ಬಂದಾಗ ಅವಳು ಬೇಲಿ ಹತ್ತಿರ ನಿಂತು ಕೇಳಿದ್ದು, "ಅಮ್ಮಾ, ನಿಮ್ಮಲ್ಲಿ ಹಳೇ ಹತ್ತಿ ಸೀರೆ ಅದ್ಯಾ? ಹರದಿದ್ರೂ ಅಡ್ಡಿಲ್ಲ." ನಾನು ಕೊಟ್ಟದ್ದು ಒಂದು ಸೀರೆ, ಎರಡು ಪಂಚೆ. ಬದಲಿಗೆ ಬಂದದ್ದು ಒಂದು ಬುಟ್ಟಿ ಬಸಳೆ. ಮಗುವಿಗೆ ಆರು ತಿಂಗಳು ಆದ ಮೇಲೆ ತೋರಿಸಲಿಕ್ಕೆ ತಂದಳು. ಅದು ನಮ್ಮ ಮನೆ ಪಂಚೆಯ ಅಂಚಿನ ಮೇಲೆ ಕಾಲು ಬಡಿದುಕೊಂಡು ಮಲಗಿತ್ತು.

ವರ್ಷದಲ್ಲಿ ಕೌದಿಗೆ ಇರುವ ಕಾಲ ಸಣ್ಣದು. ಮಳೆ ಬಿಟ್ಟ ಮೇಲೆ ತೋಟದ ಕೆಲಸ, ಅಡಿಕೆ ಕೊಯ್ಲು, ಅಂಗಳ ತುಂಬ ಅಡಿಕೆ. ಬಿಡುವು ಆಗೂದು ಶಿವರಾತ್ರಿ ಹೊತ್ತಿಗೆ. ಅಲ್ಲಿಂದ ಮೃಗಶಿರಾ ಮಳೆ ಹುಟ್ಟುವ ಜೂನ್ 7, 8ರ ತನಕ ಕೌದಿ ಹಾಸಬಹುದು, ಹೊಲಿಯಬಹುದು, ಒಗೆದು ಒಣಗಿಸಬಹುದು. ಅದೇ ಬಿಸಿಲಿಗೆ, ಅದೇ ಅಂಗಳಕ್ಕೆ ಹಲಸಿನ ಹಪ್ಪಳವೂ ಬೇಕು, ಮುರುಗಲು ಸಿಪ್ಪೆಯೂ ಬೇಕು, ಗೇರು ಬೀಜವೂ ಬೇಕು. ಮುರುಗಲು ಹರವಿದ ಹತ್ತಿರ ಕೌದಿ ಒಣಗಿಸಲಿಕ್ಕೆ ಹೋಗಬೇಡಿ. ಗೇರು ಹಣ್ಣಿನ ರಸ ಬಿದ್ದರಂತೂ ಆ ಕಲೆ ಕೌದಿಯ ಜೊತೆಗೇ ಹೋಗೂದು.

ಹಾಸುವ ದಿನ ಇಬ್ಬರು ಬೇಕು. ಜಗಲಿ ಗುಡಿಸಿ ಒರೆಸಿ, ಅಡಿಗೆ ಒಂದು ಚಾಪೆ ಹಾಕಿ, ಮಡಚಿದ ಸೀರೆಯನ್ನು ನಾಲ್ಕು ಮೂಲೆ ಹಿಡಿದು ಎಳೆದು ಕೂರಿಸಬೇಕು. ತೀರ ಸವೆದದ್ದು ನಡುವೆ, ಗಟ್ಟಿ ಇದ್ದದ್ದು ಮೇಲೆ ಕೆಳಗೆ. ಬಣ್ಣ ಬಿಡುವ ಕೆಂಪು, ನೀಲಿ ಇದ್ದರೆ ಮೊದಲೇ ಉಪ್ಪು ನೀರಲ್ಲಿ ನೆನೆಸಿ ಒಗೆದು ಇಟ್ಟುಕೊಂಡಿರಬೇಕು. ಒಂದು ಪದರ ಹಾಸಿದ ಮೇಲೆ ಅಂಗೈಯಿಂದ ನಡುವಿನಿಂದ ಅಂಚಿಗೆ ಸವರೂದು, ಆಮೇಲೆ ಮೇಲಿನ ಪದರ. ಗಾಳಿ ನಿಂತರೆ ಅಲ್ಲಿ ಹೊಲಿಗೆ ಉಬ್ತದೆ. ಎಲ್ಲ ಹಾಸಿದ ಮೇಲೆ ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿಬಿಟ್ಟರೆ ಕೌದಿ ಎತ್ತಿ ಇಡಲಿಕ್ಕೆ ಬರ್ತದೆ. ಅಲ್ಲಿಂದ ಮುಂದಿನದು ಒಬ್ಬಳದೇ ಕೆಲಸ, ಎಲ್ಲಿಗೂ ಹೊತ್ತುಕೊಂಡು ಹೋಗಬಹುದು.

ಹೊಲಿಗೆ ಬಹಳ ಸುಲಭದ್ದು, ಸೂಜಿ ಕೆಳಗೆ ಮೇಲೆ ಹೋಗ್ತಾ ಇದ್ದರೆ ಆಯ್ತು. ಉದ್ದನೆ ಸೂಜಿ, ಗಟ್ಟಿ ಬಿಳೀ ದಾರ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಗಂಟು ಬೀಳೂದಿಲ್ಲ. ನಮ್ಮ ಮನೆಯಲ್ಲಿ ಉದ್ದಕ್ಕೆ ಸಾಲು ಹಾಕೂದು, ಸಾಲಿಂದ ಸಾಲಿಗೆ ಒಂದು ಬೆರಳಿನ ಅಂತರ. ಒಮ್ಮೆ ಮಗಳು ಲೆಕ್ಕ ಹಾಕಿ ತೋರಿಸಿದಳು. ಸಾಲಿಗೆ ಮುಕ್ಕಾಲು ಇಂಚು ಹಿಡಿದರೆ 45 ಇಂಚಿಗೆ 60 ಸಾಲು. ಒಂದು ಸಾಲು 72 ಇಂಚು, ಇಂಚಿಗೆ 3 ಹೊಲಿಗೆ, ಅಂದರೆ ಸಾಲಿಗೆ 216. ಅರವತ್ತು ಸಾಲಿಗೆ 12,960 ಹೊಲಿಗೆ. ಹೊಲಿಗೆಯ ಉದ್ದವೇ 100 ಮೀಟರ್ ದಾಟ್ತದೆ, ಜೋಡು ಎಳೆ ಹಿಡಿದರೆ ದಾರ 200 ಮೀಟರ್ ಮೇಲೆ ಬೇಕು. ಅಷ್ಟು ಕೇಳಿದ ಅತ್ತೆ ಕವಳದ ಬಾಯಲ್ಲೇ ನಕ್ಕರು. "ಎಣಿಸಿರೆ ಹೊಲಿಯಲೆ ಆಗ್ತಿಲ್ಲೆ ಕೂಸೆ. ಎಣಿಸಲಾಗ."

ಅದು ನಿಜವಾದ ಮಾತು. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ, ಗಂಡಸರು ಮಲಗಿ, ಮಕ್ಕಳು ತೋಟ ಸೇರಿ, ಒಲೆ ತಣ್ಣಗಾಗಿ, ಯಾರೂ ಏನೂ ಕೇಳದ ಎರಡು ಗಂಟೆ. ಒಬ್ಬಳು ಹೊಲಿಯಲಿಕ್ಕೆ ಕೂತರೆ ಇನ್ನೊಬ್ಬಳು ಬಂದು ಆಚೆ ತುದಿ ಹಿಡೀತಾಳೆ. ಕೈ ಅದರಷ್ಟಕ್ಕೆ ಹೋಗ್ತಿರ್ತದೆ, ಬಾಯಿ ಖಾಲಿ. ಮುಖ ನೋಡಿ ಹೇಳಲಿಕ್ಕೆ ಆಗದ ಎಷ್ಟೋ ಸಂಗತಿ ಕೌದಿ ಮೇಲೆ ಕಣ್ಣಿಟ್ಟು ಹೇಳಲಿಕ್ಕೆ ಬರ್ತದೆ. ಅತ್ತೆ ತನಗೆ ನಾಲ್ಕು ತಿಂಗಳಿಗೆ ಹೋದ ಬಸಿರಿನ ವಿಷಯ ನನಗೆ ಹೇಳಿದ್ದು ಹೀಗೆ ಒಂದು ಸಾಲಿನ ಅರ್ಧದಲ್ಲಿ. ಸಾಲು ಮುಗಿದ ಮೇಲೆ ದಾರ ಕಚ್ಚಿ ತುಂಡು ಮಾಡಿ, ಆಸರಿಗೆ ಎಂತ ಮಾಡೂದು ಕೇಳಿದರು.

ಇನ್ನೊಂದು ಖುಷಿ ಸೀರೆ ಓದೂದು. ಇದು ಯಾರ ಮದುವೆಗೆ ತೆಗೆದದ್ದು, ಇದನ್ನು ಉಟ್ಟು ಇಡಗುಂಜಿಗೆ ಹೋದದ್ದು, ಈ ಸುಟ್ಟ ತೂತು ದೀಪಾವಳಿಯ ಸುರುಸುರು ಬತ್ತಿಯದ್ದು. ಹೊಲಿಗೆಯೂ ಕೈಬರಹದ ಹಾಗೆ. ಅತ್ತೆಯದು ಸಣ್ಣದು, ಸ್ವಲ್ಪ ಎಡಕ್ಕೆ ವಾಲಿದ್ದು. ನನ್ನದು ಉದ್ದ. ನನ್ನ ವಾರಗಿತ್ತಿಯದು ಶುರುವಿಗೆ ಚಂದ, ಸಾಲಿನ ಕೊನೆಗೆ ಅವಸರ.

ಸಾಲು ಮುಗಿದರೆ ಕೌದಿ ಮುಗಿದ ಹಾಗಲ್ಲ. ಅಂಚು ಕಟ್ಟಬೇಕು. ನಾಲ್ಕು ಬೆರಳು ಅಗಲದ ಪಟ್ಟಿ ಹರಿದು, ಎರಡೂ ಬದಿ ಒಳಗೆ ಮಡಚಿ, ಕೌದಿಯ ಅಂಚನ್ನು ನಡುವೆ ಕೂರಿಸಿ ಸುತ್ತಲೂ ಹೊಲಿಯೂದು. ಕೌದಿ ಮೊದಲು ಹರಿಯೂದು ಅಂಚಿನಲ್ಲಿ, ಅದರಲ್ಲೂ ಮುಖದ ಹತ್ತಿರ ಬರುವ ಅಂಚಿನಲ್ಲಿ. ಅಲ್ಲಿಗೆ ಜೋಡು ಪಟ್ಟಿ ಹಾಕಿದರೆ ಐದಾರು ವರ್ಷ ಹೆಚ್ಚು ಬಾಳ್ತದೆ. ಮೂಲೆಯಲ್ಲಿ ಪಟ್ಟಿ ಮಡಚುವಾಗ ಗಂಟು ಕಟ್ಟಿದ ಹಾಗೆ ದಪ್ಪ ಆಗಬಾರದು, ತೀರ ಎಳೆದು ಮೊಂಡು ಆಗಲೂಬಾರದು. ಬೇರೆಯವರ ಮನೆ ಕೌದಿ ಕಂಡರೆ ಅತ್ತೆ ಮೊದಲು ಮೂಲೆಯನ್ನೇ ಎತ್ತಿ ನೋಡ್ತಿದ್ರು.

ಮೂಲೆಯ ವಿಷಯದಲ್ಲಿ ನಮ್ಮದೇ ಜಿಲ್ಲೆಯ ಸಿದ್ದಿ ಹೆಂಗಸರನ್ನು ಮೀರಿಸುವವರಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಮಾಡುವ 'ಕವಂದಿ' ನಮ್ಮ ಕೌದಿಗಿಂತ ಬೇರೆ ನಮೂನೆ. ನಾವು ಇಡೀ ಸೀರೆ ಹಾಸ್ತೇವೆ, ಅವರು ಬಣ್ಣ ಬಣ್ಣದ ತುಂಡು ಜೋಡಿಸ್ತಾರೆ. ನಾವು ಉದ್ದಕ್ಕೆ ಸಾಲು ಹಾಕ್ತೇವೆ, ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತಲೂ ಹೊಲೀತಾ ಹೊಲೀತಾ ನಡುವಿಗೆ ಬಂದು ಮುಟ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನ ಮಡಚಿ 'ಫುಲ' ಇಡ್ತಾರೆ. ಫುಲ ಹೇಳಿದರೆ ಹೂವು. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದ್ದರಲ್ಲಿ ಅರ್ಧಚಂದ್ರ ಕಾಣಲಿಕ್ಕೆ ಸಿಗ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಹೇಳುವವರು 2004ರಿಂದ ಅವರ ನಡುವೆ ತಿರುಗಾಡಿ ಇದನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನವೇ ಆಯ್ತು. ನಮ್ಮ ಮೆತ್ತಿನ ಮೇಲೆ ಹಳೇ ಬಟ್ಟೆ ಹೇಳಿ ಬಿದ್ದಿರುವ ಜಾತಿಯದ್ದೇ ವಸ್ತು ಅಲ್ಲಿ ಗೋಡೆಯ ಮೇಲೆ.

ಈಗ ಹೇಳಬೇಕಾದ ಸಂಗತಿಗೆ ಬತ್ತಿ. ನಮ್ಮ ಅತ್ತೆ ಹೋದ ವರ್ಷ ಕಾರ್ತಿಕದಲ್ಲಿ ತೀರಿಕೊಂಡರು. ಎಲ್ಲ ಕಾರ್ಯ ಮುಗಿದು ಒಂದು ದಿನ ಮೆತ್ತು ಗುಡಿಸುವಾಗ ಅವರ ಮರದ ಪೆಟ್ಟಿಗೆಯಲ್ಲಿ ಅರ್ಧ ಹೊಲಿದ ಕೌದಿ ಸಿಕ್ಕಿತು. ಸೂಜಿ ಸಾಲಿನ ತುದಿಯಲ್ಲಿ ಚುಚ್ಚಿಟ್ಟ ಹಾಗೇ ಇತ್ತು, ತುಕ್ಕು ಹಿಡಿದು ಬಟ್ಟೆಗೆ ಒಂದು ಕಂದು ಚುಕ್ಕೆ ಬಿದ್ದಿತ್ತು. ಕಣ್ಣು ಮಂಜಾದ ಮೇಲೆ ದಾರ ಪೋಣಿಸಿ ಕೊಡು ಹೇಳಿ ಕರೀತಿದ್ರು, ಆಮೇಲೆ ಕರೆಯೂದೂ ನಿಂತಿತ್ತು. ಮೇಲಿನ ಪದರ ಅವರದೇ ಉಡುಪಿ ಕೈಮಗ್ಗದ ಸೀರೆ. ಒಳಗೆ ಅವರ ಅತ್ತೆಯ ಹದಿನೆಂಟು ಮೊಳದ ಸೀರೆಯ ತುಂಡು, ನನ್ನದೊಂದು ಹಸಿರು ಸೀರೆ, ನಾದಿನಿ ಕಾಲೇಜಿಗೆ ಉಟ್ಟು ಹೋಗ್ತಿದ್ದ ನೀಲಿ ಸೀರೆ. ಎಣಿಸಿದೆ, 38 ಸಾಲು ಆಗಿತ್ತು. ಉಳಿದದ್ದು 22.

ಬೆಂಗಳೂರಲ್ಲಿರುವ ನಾದಿನಿಗೆ ಫೋಟೋ ಕಳಿಸಿದೆ. ಕೂಡಲೇ ಫೋನು. "ಅತ್ತಿಗೆ, ಅದ್ರ ಹಾಂಗೇ ಇಟ್ಬಿಡು. ಆಯಿ ಕೈ ಹೊಲಿಗೆ ಅದು. ನಾವು ಮುಟ್ಟಿರೆ ಆಯಿದು ಹೇಳಿ ಎಂತ ಉಳಿತು?" ಗಾಜು ಹಾಕಿಸಿ ಫ್ರೇಮ್ ಮಾಡಿಸ್ತೇನೆ ಅಂದಳು. ಕುಮಟೆಯಲ್ಲಿರುವ ವಾರಗಿತ್ತಿಯದು ಇನ್ನೊಂದು ದಾರಿ. ಪೇಟೆಯಲ್ಲಿ ಮಶೀನ್ ಹೊಲಿಗೆಗೆ ಕೊಟ್ಟರೆ ಅರ್ಧ ದಿನದ ಕೆಲಸ, ಮಳೆಗಾಲಕ್ಕೆ ಉಪಯೋಗಕ್ಕೆ ಬರ್ತದೆ.

ಮಶೀನಿನ ಮಾತು ತಳ್ಳಿಹಾಕುವಂಥದ್ದಲ್ಲ. ಗಟ್ಟಿ ಬಟ್ಟೆಗೆ, ಮಕ್ಕಳ ಕೌದಿಗೆ ಮಶೀನ್ ಹೊಲಿಗೆ ನಾನೂ ಹಾಕಿಸಿದ್ದಿ. ಆದರೆ ಸವೆದ ಸೀರೆಗೆ ಅದು ಹೊಂದೂದಿಲ್ಲ. ಮಶೀನಿನ ಹೊಲಿಗೆ ಒತ್ತಾಗಿ, ಬಿಗಿಯಾಗಿ ಬೀಳ್ತದೆ. ಹಳೇ ಬಟ್ಟೆ ಆ ತೂತಿನ ಸಾಲಿಗೇ ಅಂಚೆ ಚೀಟಿಯ ಹಾಗೆ ಹರೀತದೆ. ಕೈಹೊಲಿಗೆ ಸಡಿಲ, ಎಳೆದರೆ ಸ್ವಲ್ಪ ಬಿಟ್ಟುಕೊಡ್ತದೆ.

ನಾದಿನಿಯ ಮಾತಿಗೆ ಉತ್ತರ ಕೊಡೂದೇ ಕಷ್ಟ. ಅವಳ ಬೇನೆ ಬೇರೆ, ತಾಯಿಯದ್ದು. ಆದರೆ ನಮ್ಮ ಊರಿನ ಹವೆ ಅವಳಿಗೆ ಮರೆತು ಹೋಗಿತ್ತು. ಇಲ್ಲಿ ಪೆಟ್ಟಿಗೆಯಲ್ಲಿ ಇಟ್ಟದ್ದು ಉಳಿಯೂದಿಲ್ಲ. ಒಂದು ಮಳೆಗಾಲಕ್ಕೆ ಬೂಷ್ಟು, ಎರಡನೆಯದಕ್ಕೆ ಜಿರಳೆ, ಮೂರನೆಯದಕ್ಕೆ ಮಡಿಕೆ ಮಡಿಕೆಗೂ ಗೆದ್ದಲು. ಗಾಜಿನೊಳಗೂ ತಣಸು ಹೋಗ್ತದೆ. ಗೋಡೆಗೆ ಹಾಕಿದ ಹಳೇ ಫೋಟೋಗಳ ಗತಿ ಎಂತ ಆಯ್ತು ಹೇಳಿ ನಮ್ಮ ಜಗಲಿಯಲ್ಲೇ ನೋಡಬಹುದು, ಅಜ್ಜನ ಮುಖ ಬಿಟ್ಟು ಉಳಿದದ್ದೆಲ್ಲ ಗಾಜಿಗೆ ಅಂಟಿದೆ. ದಿನಾ ಹೊದೆಯುವ ಕೌದಿಗೆ ದಿನಾ ಗಾಳಿ. ಅದನ್ನು ಕೊಡವ್ತೇವೆ, ಬಿಸಿಲು ಕಂಡ ದಿನ ಹೊರಗೆ ಹಾಕ್ತೇವೆ, ಮಳೆ ಹಿಡಿದರೆ ಬಚ್ಚಲೊಲೆಯ ಮೇಲಿನ ಬಳ್ಳಿಗೆ ಹಾಕಿ ಹೊಗೆ ತೋರಿಸ್ತೇವೆ, ಎಳೆ ಬಿಚ್ಚಿದರೆ ಅವತ್ತೇ ಕಣ್ಣಿಗೆ ಬೀಳ್ತದೆ. ಹೊದ್ದ ಕೌದಿ ಇಪ್ಪತ್ತು ವರ್ಷ ಬಾಳಿದ್ದು ಕಂಡಿದ್ದಿ. ಇಟ್ಟ ಕೌದಿ ಐದು ವರ್ಷ ಬಾಳಿದ್ದು ಕಂಡಿದ್ದಿಲ್ಲೆ.

ಇನ್ನೊಂದು ಕತೆಯನ್ನೂ ಅವಳಿಗೆ ಹೇಳಿದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಹೇಳುವ ಊರು. ಹತ್ತಿ ತೋಟಗಳಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳ ಊರು ಅದು, ಹೆಂಗಸರೆಲ್ಲ ಕೌದಿ ಹೊಲಿಯುವವರು. 1942ರಲ್ಲಿ ಅಲ್ಲಿ ಮಿಸ್ಸೂರಿ ಪೆಟ್‌ವೇ ಹೇಳುವವಳ ಗಂಡ ತೀರಿಕೊಂಡ. ಅವಳು ಅವನು ದುಡಿಯುವಾಗ ಹಾಕುತ್ತಿದ್ದ ಹಳೇ ಬಟ್ಟೆಗಳನ್ನೇ ತೆಗೆದು, ಮಗಳ ಕೈಲಿ ಸಹಾಯ ಮಾಡಿಸಿಕೊಂಡು, ಕೌದಿ ಮಾಡಿಕೊಂಡಳು. ಅವನನ್ನು ನೆನೆದು ಅದನ್ನೇ ಹೊದ್ದು ಮಲಗಬೇಕು ಹೇಳಿ. 2002ರಲ್ಲಿ ಆ ಊರಿನ ಕೌದಿಗಳು ಹ್ಯೂಸ್ಟನ್, ನ್ಯೂಯಾರ್ಕ್ ಮ್ಯೂಸಿಯಂಗಳಲ್ಲಿ ಪ್ರದರ್ಶನಕ್ಕೆ ಬಂದವು, 2006ರಲ್ಲಿ ಅಂಚೆ ಚೀಟಿಯೂ ಆದವು. ಗೋಡೆಗೆ ಹೋದದ್ದು ಅರವತ್ತು ವರ್ಷ ಆದ ಮೇಲೆ. ಅವಳು ಹೊಲಿದದ್ದು ಹೊದೆಯಲಿಕ್ಕೆ.

ನಾದಿನಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಬಂದವಳು ಪೆಟ್ಟಿಗೆ ತೆಗೆದು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಒಂದೇ ಶರತ್ತು ಹಾಕಿದಳು. "ಆಯಿ ಹೊಲಿಗೆ ಯಾವ್ದು, ನಮ್ಮದು ಯಾವ್ದು ಹೇಳಿ ಗೊತ್ತಾಗವು." ಹಾಗಾಗಿ 39ನೇ ಸಾಲಿಂದ ಕೆಂಪು ದಾರ.

ತುಕ್ಕಿನ ಸೂಜಿ ತೆಗೆದು ಹೊಸ ಸೂಜಿ ಹಾಕಿದ್ಯ. ಒಂದು ಸಾಲಿಗೆ ಮುಕ್ಕಾಲು ಗಂಟೆ, ದಿನಕ್ಕೆ ಒಂದೋ ಎರಡೋ ಸಾಲು. ನಾದಿನಿ ಇದ್ದ ಹತ್ತು ದಿನದಲ್ಲಿ ಅವಳೇ ಐದು ಸಾಲು ಹಾಕಿದಳು, ಅವಳ ಮಗಳು ಎರಡು. ಹುಡುಗಿಯ ಹೊಲಿಗೆ ಗದ್ದೆ ಬದುವಿನ ಹಾಗೆ ಸೊಟ್ಟ. ಬಿಚ್ಚಿ ಸರಿ ಮಾಡ್ತೇನೆ ಅಂದಾಗ ನಾದಿನಿಯೇ ಬೇಡ ಅಂದಳು. ವಾರಗಿತ್ತಿ ಒಂದು ಭಾನುವಾರ ಬಂದು ಮೂರು ಸಾಲು ಹಾಕಿ, ಜೊತೆಗೆ ನೂರು ಹಪ್ಪಳವನ್ನೂ ಒತ್ತಿಕೊಟ್ಟು ಹೋದಳು. ಉಳಿದ ಹನ್ನೆರಡು ಸಾಲು ನನ್ನದು. ಅಂಚಿನ ಪಟ್ಟಿಗೆ ಅತ್ತೆಯದೇ ಇನ್ನೊಂದು ಸೀರೆ ಹರಿದೆ. ಹರಿಯುವಾಗ ಆಗುವ ಆ ಚರ್ ಶಬ್ದಕ್ಕೆ ಮಾವ ಒಳಗಿಂದ ಎದ್ದು ಬಂದು ನೋಡಿ ಹೋದರು, ಎಂತದೂ ಕೇಳಲಿಲ್ಲ. ಮೂಲೆಗೆ ಸಿದ್ದಿಯವರ ಹಾಗೆ ತ್ರಿಕೋನದ ಹೂವು ಇಟ್ಟೆ. ನಮ್ಮ ಮನೆಯ ಪದ್ಧತಿ ಅಲ್ಲ, ನನ್ನ ಆಸೆ.

ಒಗೆದದ್ದು ರೋಹಿಣಿ ಮಳೆಯ ಕೊನೆಯಲ್ಲಿ, ಆಕಾಶ ನೋಡಿಕೊಂಡು. ಅಂಟುವಾಳ ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ನೊರೆ ತೆಗೆದು, ಕಲ್ಲಿನ ಮೇಲೆ ಬಡಿಯದೆ ಕಾಲಲ್ಲಿ ತುಳಿದು ಒಗೆದ್ಯ. ನೀರು ಕುಡಿದ ಕೌದಿ ಹೆಣಭಾರ, ಇಬ್ಬರು ಎರಡು ಬದಿ ಹಿಡಿದರೂ ಹಿಂಡಲಿಕ್ಕೆ ಆಗೂದಿಲ್ಲ. ಕಟ್ಟೆಯ ಮೇಲೆ ಹಾಕಿ ನೀರು ಇಳಿಸಿ, ಆಮೇಲೆ ಅಡ್ಡಕ್ಕೆ ಕಟ್ಟಿದ ಬಿದಿರಿನ ಮೇಲೆ ಹರವೂದು. ಒಂದು ದಿನ ಒಂದು ಮಗ್ಗುಲು, ಮರುದಿನ ಇನ್ನೊಂದು. ಮೊದಲ ಒಗೆತಕ್ಕೆ ಪದರಗಳೆಲ್ಲ ಒಂದಕ್ಕೊಂದು ಕಚ್ಚಿ ಹೊಲಿಗೆಯ ನಡುವೆ ಸಣ್ಣ ಸಣ್ಣ ಅಲೆ ಏಳ್ತದೆ. ಅಲ್ಲಿಯ ತನಕ ಅದು ಹೊಲಿದ ಸೀರೆ, ಆಮೇಲೆ ಕೌದಿ.

ಈಗ ಅದು ಮಾವನ ಹಾಸಿಗೆಯ ಮೇಲೆ ಇದ್ದು. ಮಳೆಗಾಲದಲ್ಲಿ ಅವರಿಗೆ ಮೊಣಕಾಲು ಹಿಡೀತದೆ, ರಾತ್ರಿ ಎರಡು ಸಲ ಏಳ್ತಾರೆ. ಮೊದಲ ದಿನ ಹಾಸಿಗೆ ಹಾಸಿ ಕೌದಿ ಬಿಚ್ಚಿದಾಗ ಒಮ್ಮೆ ಕೈಯಾಡಿಸಿ ನೋಡಿ, "ಕೆಂಪು ದಾರದ ಬದಿ ಗೋಡೆ ಕಡೆಗೆ ಬರ್ಲಿ" ಅಂದರು. ಅಲ್ಲಿಂದ ದಿನಾ ಹಾಗೇ ಹಾಸ್ತಿ.

ಇದು ಶಾಶ್ವತ ಅಲ್ಲ ಹೇಳಿ ಗೊತ್ತಿದ್ದು. ನಾಲ್ಕೈದು ವರ್ಷಕ್ಕೆ ಮೇಲಿನ ಉಡುಪಿ ಸೀರೆ ಅಲ್ಲಲ್ಲಿ ಬಿಡ್ತದೆ, ಒಳಗಿಂದ ನಾದಿನಿಯ ನೀಲಿ ಇಣುಕ್ತದೆ. ಆಗ ಮೇಲೊಂದು ಸೀರೆ ಹಾಕಿ ಹೊಸ ಹೊಲಿಗೆ. ಅದೂ ಹೋದ ಮೇಲೆ ಗಟ್ಟಿ ಉಳಿದ ತುಂಡು ಕತ್ತರಿಸಿ ಶಿಶುವಿನ ಕೌದಿ, ಆಮೇಲೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಕೊನೆಗೆ ಬಚ್ಚಲ ಬಾಗಿಲ ಕಾಲೊರಸು. ನಾದಿನಿ ಇದನ್ನು ಕೇಳಿದರೆ ಈಗಲೂ ಮುಖ ಸಣ್ಣ ಮಾಡ್ತಾಳೆ. ಫ್ರೇಮ್ ಹಾಕಿಸಿದ್ದರೇ ಚಂದ ಇತ್ತು ಹೇಳುವ ಮಾತು ಅವಳು ಪೂರ್ತಿ ಬಿಟ್ಟಿದ್ದಿಲ್ಲೆ. ಇರಲಿ, ಹೋಗುವಾಗ ಉಳಿದ ಕೆಂಪು ದಾರದ ಉಂಡೆಯನ್ನು ಮಾತ್ರ ತಾನೇ ತೆಗೆದುಕೊಂಡು ಹೋದಳು.

ನಿಂಗಳ ಮನೆ ಮೆತ್ತಿನ ಮೇಲೂ ಅರ್ಧ ಹೊಲಿದಿಟ್ಟದ್ದು ಇದ್ದರೆ ಬಪ್ಪ ಶಿವರಾತ್ರಿಗೆ ತೆಗೆದು ನೋಡಿ. ಸೂಜಿ ಇದ್ದರೆ ಮೊದಲು ತೆಗೀರಿ, ತುಕ್ಕಿನ ಕಲೆ ಹೋಗೂದಿಲ್ಲ. ಬೂಷ್ಟು ಹಿಡಿದಿದ್ದರೆ ಒಗೆಯುವ ಮುಂಚೆ ಎರಡು ದಿನ ಕಡು ಬಿಸಿಲಿಗೆ ಹಾಕಿ ಕೊಡವಿ. ಬಟ್ಟೆಯನ್ನು ಬೆರಳಲ್ಲಿ ಎಳೆದು ನೋಡಿ, ಪಿಸಿದರೆ ಅದನ್ನು ಒಳಪದರ ಮಾಡಿ ಮೇಲೆ ಕೆಳಗೆ ಗಟ್ಟಿ ಸೀರೆ ಕೊಡಿ. ದಾರ ಹೊಸದು ತನ್ನಿ, ಹಳೇ ದಾರಕ್ಕೆ ಜೀವ ಇರೂದಿಲ್ಲ. ಮಡಚಿ ಇಡೂದಾದರೆ ನಡುವೆ ಲಾವಂಚದ ಬೇರು ಹಾಕಿ, ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಮಡಚಿ ಇಡದಿದ್ದರೆ ಇನ್ನೂ ಒಳ್ಳೇದು. ಹಳೇ ಹತ್ತಿ ಸೀರೆ ಕಡಿಮೆ ಬಿದ್ದರೆ ಕೇಳಿ, ನನ್ನ ಹತ್ತಿರ ಇನ್ನೂ ಎರಡು ಇದ್ದು. ಒಂದು ಕೆಳಗಿನ ಮನೆಯವಳ ಎರಡನೇ ಮೊಮ್ಮಗುವಿಗೆ ಹೇಳಿ ಇಟ್ಟದ್ದು, ಇನ್ನೊಂದು ಮೊದಲು ಕೇಳಿದವರಿಗೆ.